ನಮ್ಮ ಊರಿನ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು ಯಾವಾಗ?

ಪ್ರಶ್ನೆ: ವರ್ತೂರು ಹೋಬಳಿಯ ನಮ್ಮ ಊರಿನಲ್ಲಿ ಹಳೆಯದೊಂದು ಫುಟ್‌ಬಾಲ್ ಕ್ಲಬ್ ಇದೆ. ಅದರ ಅಮೃತ ಮಹೋತ್ಸವ ಮಾಡಿ ಒಂದು ಸ್ಮರಣ ಸಂಚಿಕೆ ತರಬೇಕೆಂದು ಯುವಕರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಆದರೆ ಹುಟ್ಟಿದ ವರ್ಷದ ಬಗ್ಗೆಯೇ ಒಮ್ಮತವಿಲ್ಲ. ಹಿರಿಯರೊಬ್ಬರು 1948 ಎನ್ನುತ್ತಾರೆ. ಮತ್ತೊಬ್ಬರು ವಿಜಯ ಸಂವತ್ಸರದ ಊರಹಬ್ಬದ ದಿನ ಶುರುವಾಯಿತು ಎನ್ನುತ್ತಾರೆ. ನಮ್ಮ ಕೈಯಲ್ಲಿರುವ ನೋಂದಣಿ ಪತ್ರ 1969ರದು, ಅದರ ತಲೆಬರಹದಲ್ಲಿ 'ಮೈಸೂರು' ಎಂದಿದೆ. 1962ರಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಶೀಲ್ಡ್ ಗೆದ್ದೆವೆಂಬ ಮಾತೂ ಇದೆ. ಆಗ ಆಡುತ್ತಿದ್ದ ಬಯಲು ಈಗ ಇಲ್ಲ. ಯಾವ ವರ್ಷವನ್ನು ಅಚ್ಚು ಹಾಕಿಸಬೇಕು, ಇತಿಹಾಸವನ್ನು ಎಲ್ಲಿಂದ ಬರೆಯಲು ತೊಡಗಬೇಕು?

ಉತ್ತರ: ನೀವು ಬರೆದಿರುವ ಮೂರು ವರ್ಷಗಳೂ ಸರಿಯಿರಬಹುದು. ಊರಿನ ಕ್ಲಬ್ ಎಂಬುದು ಒಂದು ಶುಭ ಮುಹೂರ್ತದಲ್ಲಿ ಹುಟ್ಟುವ ಸಂಸ್ಥೆಯಲ್ಲ. ಮೊದಲು ಹುಡುಗರು ಆಡತೊಡಗುತ್ತಾರೆ. ಬೇರೆ ಊರಿನ ಮೇಲೆ ಪಂದ್ಯ ಬಿದ್ದಾಗ ತಂಡಕ್ಕೊಂದು ಹೆಸರು ಬೇಕಾಗುತ್ತದೆ. ಹಣಕಾಸಿನ ವ್ಯವಹಾರ ಬೆಳೆದಾಗ ಅಥವಾ ಲೀಗ್‌ಗೆ ಸೇರಬೇಕಾದಾಗ ನೋಂದಣಿಯ ಮಾತು ಬರುತ್ತದೆ. ಈ ಮೂರರ ನಡುವೆ ಇಪ್ಪತ್ತು ವರ್ಷಗಳ ಅಂತರ ಇರುವುದು ಬೆಂಗಳೂರಿನ ಸುತ್ತಲಿನ ಹಳ್ಳಿಗಳ ಮಟ್ಟಿಗೆ ಅಸಹಜವಲ್ಲ. ಆದ್ದರಿಂದ ಯಾವ ಹಿರಿಯರು ಸರಿ, ಯಾವ ಹಿರಿಯರು ತಪ್ಪು ಎಂಬ ದಾರಿಯಲ್ಲಿ ಈ ಪ್ರಶ್ನೆಯನ್ನು ಬಿಡಿಸಲು ಹೋಗಬೇಡಿ. ಯಾರು ಯಾವ ಘಟನೆಯನ್ನು ನೆನೆದು ಆ ವರ್ಷವನ್ನು ಹೇಳುತ್ತಿದ್ದಾರೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ.

ಕೈಯಲ್ಲಿರುವ ಕಾಗದದಿಂದ ಆರಂಭಿಸೋಣ. ತಲೆಬರಹದಲ್ಲಿ 'ಮೈಸೂರು' ಎಂದಿರುವುದರಿಂದ ಅದು ಮೈಸೂರು ನಗರದ ದಾಖಲೆ ಇರಬಹುದೇ ಎಂಬ ಅನುಮಾನ ಬೇಡ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಸಂಘಗಳು ನೋಂದಣಿಯಾಗುತ್ತಿದ್ದ 1960ರ ಕಾಯ್ದೆಯ ಹೆಸರಿನಲ್ಲೂ ಮೈಸೂರು ಎಂದೇ ಇತ್ತು. ಹಾಗಾಗಿ ಆ ತಲೆಬರಹ 1969 ಎಂಬ ತಾರೀಖನ್ನು ಬಲಪಡಿಸುತ್ತದೆಯೇ ಹೊರತು ದುರ್ಬಲಗೊಳಿಸುವುದಿಲ್ಲ. ಈ ಕಾಯ್ದೆಯ ಪ್ರಕಾರ ಸಂಘವೊಂದನ್ನು ನೋಂದಾಯಿಸಲು ಕನಿಷ್ಠ 7 ಮಂದಿ ಸಹಿ ಹಾಕಬೇಕು. ಜ್ಞಾಪನ ಪತ್ರ ಮತ್ತು ನಿಯಮಾವಳಿಯನ್ನು ಸಲ್ಲಿಸಬೇಕು. ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಕೊಡಬೇಕು. ನಿಮ್ಮ ಬಳಿ ಉಳಿದಿರುವುದು ಪ್ರಮಾಣಪತ್ರ ಮಾತ್ರ ಎಂದು ತೋರುತ್ತದೆ. ಸಂಘಗಳ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಸಂಖ್ಯೆಯನ್ನು ಕೊಟ್ಟು ಇಡೀ ಕಡತದ ದೃಢೀಕೃತ ನಕಲನ್ನು ಕೇಳಿ. ಸುಲಭವಾಗಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಆ ಕಡತದಲ್ಲಿ ಮೊದಲ ಸಹಿದಾರರ ಹೆಸರು, ತಂದೆಯ ಹೆಸರು, ಕಸುಬು ಮತ್ತು ವಿಳಾಸ ಇರುತ್ತವೆ. ಇವರಲ್ಲಿ ಯಾರು ರೈತರು, ಯಾರು ಕಾರ್ಖಾನೆಯ ನೌಕರರು, ಯಾರು ಶಾಲಾ ಮಾಸ್ತರು ಎಂದು ತಿಳಿದರೆ ನಿಮ್ಮ ಸಂಚಿಕೆಯ ಒಂದು ಅಧ್ಯಾಯಕ್ಕೆ ಬೇಕಾದ ಸಾಮಗ್ರಿ ಅಲ್ಲಿಯೇ ಸಿಗುತ್ತದೆ. ಜ್ಞಾಪನ ಪತ್ರದಲ್ಲಿ "ಈಗಾಗಲೇ ಅಸ್ತಿತ್ವದಲ್ಲಿರುವ" ಎಂಬಂಥ ಮಾತು ಇದ್ದರೆ ಅದನ್ನು ವಿಶೇಷವಾಗಿ ಗುರುತು ಹಾಕಿಕೊಳ್ಳಿ. ಕ್ಲಬ್ 1969ಕ್ಕಿಂತ ಹಳೆಯದೆಂಬುದಕ್ಕೆ ಅದು ಲಿಖಿತ ಸಾಕ್ಷ್ಯವಾಗುತ್ತದೆ.

ಇನ್ನು ವಿಜಯ ಸಂವತ್ಸರದ ಮಾತು. ನನ್ನ ದೃಷ್ಟಿಯಲ್ಲಿ ನಿಮ್ಮ ಮೂರು ಸಾಕ್ಷ್ಯಗಳಲ್ಲಿ ಬಾಯಿಮಾತಿನದಾಗಿದ್ದರೂ ಹೆಚ್ಚು ಬೆಲೆಯುಳ್ಳದ್ದು ಇದೇ. ಇಸವಿಯನ್ನು ಹೇಳುವವರು ಅನೇಕ ವೇಳೆ ದುಂಡಗಿನ ಅಥವಾ ಪ್ರಸಿದ್ಧವಾದ ಸಂಖ್ಯೆಯತ್ತ ವಾಲುತ್ತಾರೆ, ಆದರೆ ಸಂವತ್ಸರದ ಹೆಸರನ್ನು ಹೇಳುವವರು ಸಾಮಾನ್ಯವಾಗಿ ಒಂದು ಹಬ್ಬ, ಒಂದು ಮಳೆ, ಮನೆಯಲ್ಲಿ ನಡೆದ ಒಂದು ಶುಭ ಅಥವಾ ಅಶುಭ ಕಾರ್ಯದ ಜೊತೆ ಸೇರಿಸಿಯೇ ಅದನ್ನು ನೆನಪಿಟ್ಟಿರುತ್ತಾರೆ. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳಿ ಬರುತ್ತವೆ. 2013ರ ಯುಗಾದಿಯಿಂದ 2014ರ ಯುಗಾದಿಯವರೆಗೆ ವಿಜಯ ಸಂವತ್ಸರವಿತ್ತು, ಆದ್ದರಿಂದ ಅದರ ಹಿಂದಿನ ವಿಜಯ 1953ರ ಯುಗಾದಿಯಿಂದ 1954ರ ಯುಗಾದಿಯವರೆಗಿನದು. ಊರಹಬ್ಬ ಯಾವ ಮಾಸದಲ್ಲಿ ನಡೆಯುತ್ತದೆ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಅದು ಚೈತ್ರ ಅಥವಾ ವೈಶಾಖವಾದರೆ 1953, ಮಾಘ ಅಥವಾ ಫಾಲ್ಗುಣವಾದರೆ 1954. ದೇವಸ್ಥಾನದ ಹಳೆಯ ಲೆಕ್ಕದ ಪುಸ್ತಕ ಅರ್ಚಕರ ಮನೆಯಲ್ಲೋ ಹಿಂದಿನ ಶಾನುಭೋಗರ ಮನೆಯಲ್ಲೋ ಉಳಿದಿದ್ದರೆ ಅದರಲ್ಲಿ ಆ ವರ್ಷದ ಹಬ್ಬದ ಖರ್ಚನ್ನು ನೋಡಿ. ಚೆಂಡು ಕೊಳ್ಳಲೋ ಬಹುಮಾನಕ್ಕೋ ಕೊಟ್ಟ ನಾಲ್ಕಾರು ರೂಪಾಯಿಯ ಒಂದು ಸಾಲು ಅಲ್ಲಿ ಸಿಕ್ಕರೆ ನಿಮ್ಮ ಹುಡುಕಾಟದ ಅರ್ಧ ದಾರಿ ಮುಗಿದಂತೆ.

1948ರ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಆ ವರ್ಷದ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿ 1-2ರಿಂದ ಸೋತಿತು. ನಮ್ಮ ಬಹುಪಾಲು ಆಟಗಾರರು ಅಂದು ಬರಿಗಾಲಿನಲ್ಲಿದ್ದರು. ಭಾರತದ ಪರ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. ಮುಂದೆ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಹೆಸರಾಂತ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು, 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಆಡಿದರು. ಬೆಂಗಳೂರಿನ ಸುತ್ತ ಫುಟ್‌ಬಾಲ್ ಆಡುತ್ತಿದ್ದ ಹುಡುಗರಿಗೆ ಆ ವರ್ಷ ಮರೆಯಲಾಗದ್ದಾಗಿತ್ತು ಎಂದು ಊಹಿಸುವುದು ಕಷ್ಟವಲ್ಲ. ಆದರೆ ಇದೇ ಕಾರಣಕ್ಕೆ ಎಚ್ಚರವೂ ಬೇಕು. ಸ್ವಾತಂತ್ರ್ಯ ಬಂದ ಮರುವರ್ಷ, ಗಾಂಧೀಜಿ ತೀರಿಕೊಂಡ ವರ್ಷ, ಒಲಿಂಪಿಕ್ಸ್ ನಡೆದ ವರ್ಷ ಎಂಬಂಥ ದೊಡ್ಡ ಗುರುತುಗಳ ಕಡೆಗೆ ಸಣ್ಣ ನೆನಪುಗಳು ತಾವಾಗಿ ಸರಿದುಕೊಳ್ಳುತ್ತವೆ. ಹಿರಿಯರು 1948 ಎಂದಾಗ "ಆಗ ನೀವು ಯಾವ ತರಗತಿಯಲ್ಲಿದ್ದಿರಿ, ಚಂದಾ ಎಷ್ಟು ಕೊಟ್ಟಿರಿ, ಚೆಂಡನ್ನು ಯಾರು ತಂದರು" ಎಂದು ಕೇಳಿ. ಚಂದಾ ನಾಲ್ಕಾಣೆ, ಎಂಟಾಣೆ ಎಂಬ ಉತ್ತರ ಬಂದರೆ ಅದು 1957ಕ್ಕಿಂತ ಹಿಂದಿನದಿರಬಹುದು, ಏಕೆಂದರೆ ಆ ವರ್ಷದ ಏಪ್ರಿಲ್ 1ರಿಂದ ನಯಾಪೈಸೆ ಚಲಾವಣೆಗೆ ಬಂತು. ನಾಲ್ಕಾಣೆ ಎಂಬ ಮಾತು ಅದಾದ ಮೇಲೂ ಬಹುಕಾಲ ಜನರ ಬಾಯಲ್ಲಿ ಉಳಿಯಿತು, ಹಾಗಾಗಿ ಇದೊಂದನ್ನೇ ನಂಬಬೇಡಿ. ವಿಧಾನಸೌಧ ಕಟ್ಟುತ್ತಿದ್ದರೇ, ಕಟ್ಟಿ ಮುಗಿದಿತ್ತೇ ಎಂದೂ ಕೇಳಬಹುದು. ಅದಕ್ಕೆ ಅಡಿಗಲ್ಲು ಬಿದ್ದದ್ದು 1951ರಲ್ಲಿ, ಕಟ್ಟಡ ಪೂರ್ಣಗೊಂಡದ್ದು 1956ರಲ್ಲಿ. ಪೇಟೆಗೆ ಹಾಲು, ತರಕಾರಿ ಹಾಕುತ್ತಿದ್ದ ಮನೆಗಳ ಹಿರಿಯರಿಗೆ ಇದು ಚೆನ್ನಾಗಿ ನೆನಪಿರುತ್ತದೆ.

ನಿಮ್ಮ ಊರಿಗೆ ಆಟ ಬಂದ ದಾರಿಯ ಬಗ್ಗೆಯೂ ಸಂಚಿಕೆಯಲ್ಲಿ ಒಂದು ಮಾತು ಇರಬೇಕು. ಬೆಂಗಳೂರಿನಲ್ಲಿ ಫುಟ್‌ಬಾಲ್ ಬೇರುಬಿಟ್ಟದ್ದು 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದಲ್ಲಿ. ಬ್ರಿಟಿಷ್ ಪಡೆಗಳು ಆಡುತ್ತಿದ್ದ ಆಟವನ್ನು ಪಕ್ಕದ ಬಡಾವಣೆಗಳ ದುಡಿಯುವ ಜನ ಕಲಿತು ತಮ್ಮದಾಗಿ ಮಾಡಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ಪನ್ನು ಗೆದ್ದು, ಆ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷವೂ ಅದೇ ತಂಡ ಗೆದ್ದಿತು. 1946-47ರಲ್ಲಿ ಮೈಸೂರು ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿಗೆ ತಂದಿತು. ಹಲಸೂರಿನ ಬಳಿಯ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳು ಒಂದರ ಮೇಲೊಂದು ತಲೆಮಾರಿನ ಆಟಗಾರರನ್ನು ಕೊಟ್ಟವು. ಗೌತಮಪುರದಲ್ಲಿ ಇಂದಿಗೂ ಬುದ್ಧ ಮತ್ತು ಅಂಬೇಡ್ಕರ್ ಅವರ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ. ಇವೆಲ್ಲ ದಂಡಿನ ಕಥೆ. ನಿಮ್ಮ ಊರು ಇದ್ದದ್ದು ದಂಡಿನ ಎಲ್ಲೆಯ ಆಚೆ, ಮಹಾರಾಜರ ಮೈಸೂರು ಸಂಸ್ಥಾನದ ಆಡಳಿತದಲ್ಲಿ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಕರೆಯುತ್ತಿದ್ದ ದಂಡು ಪ್ರದೇಶ ಮತ್ತೆ ಮೈಸೂರಿನ ಕೈಸೇರಿದ್ದು 1947ರ ಜುಲೈ 26ರಂದು. ಅದಕ್ಕಿಂತ ಹಿಂದಿನ ದಾಖಲೆಗಳನ್ನು ಹುಡುಕುವಾಗ ಇದು ನೆನಪಿರಲಿ. ದಂಡಿನ ತಂಡಗಳ ಮತ್ತು ಮೈದಾನಗಳ ಕಾಗದಗಳು ಒಂದು ಆಡಳಿತದವು, ನಿಮ್ಮ ಊರಿನ ಜಮೀನಿನ ಕಾಗದಗಳು ಇನ್ನೊಂದರವು.

ದಂಡಿನಿಂದ ಹಳ್ಳಿಗೆ ಆಟ ಸಾಗಿದ್ದರಲ್ಲಿ, ನಿಮ್ಮ ಭಾಗದ ಮಟ್ಟಿಗೆ, ಕಾರ್ಖಾನೆಗಳ ಪಾತ್ರವನ್ನು ಎಲ್ಲಕ್ಕಿಂತ ಮೊದಲು ಪರಿಶೀಲಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಎಚ್‌ಎಎಲ್ ಎಂಬ ವಿಮಾನ ಕಾರ್ಖಾನೆ ಆರಂಭವಾದದ್ದು 1940ರಲ್ಲಿ, ಕೃಷ್ಣರಾಜಪುರದ ಬಳಿಯ ದೂರವಾಣಿನಗರದ ಐಟಿಐ, ಎಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ದೂರವಾಣಿ ಕಾರ್ಖಾನೆ, 1948ರಲ್ಲಿ. ಈ ಎರಡೂ ವರ್ತೂರು ಹೋಬಳಿಯ ಹಳ್ಳಿಗಳಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದಲ್ಲಿವೆ. ಸುತ್ತಲಿನ ಊರುಗಳ ಯುವಕರು ಅಲ್ಲಿ ಕೆಲಸಕ್ಕೆ ಸೇರಿದರು, ಕಾಲೊನಿಯ ಮೈದಾನದಲ್ಲಿ ಗೆರೆ ಹಾಕಿ, ಬಲೆ ಕಟ್ಟಿ, ರೆಫರಿಯ ಸೀಟಿಗೆ ಆಡುವ ಆಟವನ್ನು ಕಂಡರು. ಪಾಳಿ ಮುಗಿಸಿ ಬಂದವರು ಊರಿನ ಬಯಲಿನಲ್ಲಿ ಅದನ್ನೇ ಆಡಿಸಿದ್ದರೆ ಆಶ್ಚರ್ಯವಿಲ್ಲ. ಐಟಿಐ ತಂಡ ಎಷ್ಟು ಎತ್ತರಕ್ಕೆ ಬೆಳೆಯಿತೆಂದರೆ 1977ರಲ್ಲಿ ಎರ್ನಾಕುಲಂನಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಕಪ್ಪನ್ನು ಬೆಂಗಳೂರಿಗೆ ತಂದಿತು. ಒಂದು ಕಾರ್ಖಾನೆಯ ನೌಕರರ ತಂಡ ದೇಶದ ಪ್ರಮುಖ ಕ್ಲಬ್ಬನ್ನು ಮಣಿಸಿದ ಈ ಗೆಲುವನ್ನು ನಮ್ಮ ನಗರ ಸರಿಯಾಗಿ ನೆನಪಿಟ್ಟುಕೊಂಡಿಲ್ಲವೆಂಬ ನೋವು ನನಗಿದೆ. ನಿಮ್ಮ ಊರಿನಲ್ಲಿ ಐಟಿಐ, ಎಚ್‌ಎಎಲ್ ನಿವೃತ್ತರ ಪಟ್ಟಿ ಮಾಡಿ. ಅವರು ಕೆಲಸಕ್ಕೆ ಸೇರಿದ ದಿನಾಂಕ ಅವರ ಸೇವಾ ಪುಸ್ತಕದಲ್ಲಿ ಖಚಿತವಾಗಿ ಇರುತ್ತದೆ. "ನಾನು ಕೆಲಸಕ್ಕೆ ಸೇರುವ ಮುಂಚೆಯೇ ಆಡುತ್ತಿದ್ದೆ" ಅಥವಾ "ಸೇರಿದ ಮೇಲೆ ಆಡತೊಡಗಿದೆ" ಎಂಬ ಒಂದೊಂದು ಮಾತೂ ನಿಮ್ಮ ಕಾಲಾನುಕ್ರಮಕ್ಕೆ ಗಟ್ಟಿಯಾದ ಊರುಗೋಲಾಗುತ್ತದೆ.

ಈಗ 1962ರ ಶೀಲ್ಡಿನ ವಿಷಯ. ಪಂದ್ಯ ಸಮವಾದಾಗ ಎರಡೂ ತಂಡಗಳು ಸರದಿಯಂತೆ ಪೆನಾಲ್ಟಿ ಒದ್ದು ಗೆದ್ದವರನ್ನು ನಿರ್ಣಯಿಸುವ ಪದ್ಧತಿಯನ್ನು ಫುಟ್‌ಬಾಲ್ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಅಂಗೀಕರಿಸಿದ್ದು 1970ರಲ್ಲಿ. ಅದಕ್ಕೂ ಮೊದಲು ಯುರೋಪಿನ ಕೆಲವು ಟೂರ್ನಿಗಳಲ್ಲಿ ಅಲ್ಲೊಂದು ಇಲ್ಲೊಂದು ಪ್ರಯೋಗ ನಡೆದದ್ದುಂಟು. ಆದರೆ ನಮ್ಮಲ್ಲಿ ಆಗ ಪಂದ್ಯ ಸಮವಾದರೆ ಹೆಚ್ಚುವರಿ ಸಮಯ ಕೊಡುತ್ತಿದ್ದರು, ಇಲ್ಲವೇ ಮರುಪಂದ್ಯ ಆಡಿಸುತ್ತಿದ್ದರು, ನಾಣ್ಯ ಚಿಮ್ಮುತ್ತಿದ್ದರು ಅಥವಾ ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಸಾರುತ್ತಿದ್ದರು. ಆದ್ದರಿಂದ 1962 ಮತ್ತು ಶೂಟೌಟ್ ಎರಡೂ ಒಟ್ಟಿಗೆ ನಿಜವಾಗಿರುವ ಸಾಧ್ಯತೆ ತೀರ ಕಡಿಮೆ. ಹಾಗೆಂದು ಹಿರಿಯರ ಮಾತನ್ನು ತಳ್ಳಿಹಾಕುವ ಅಗತ್ಯವೂ ಇಲ್ಲ. ಪಂದ್ಯದ ನಡುವೆ ಕೊಡುವ ಪೆನಾಲ್ಟಿ ಒದೆತ 1891ರಿಂದಲೇ ನಿಯಮದಲ್ಲಿದೆ. ಅಂಥದೊಂದು ಪೆನಾಲ್ಟಿಯಿಂದ ಬಂದ ಗೋಲಿನಿಂದ ಗೆದ್ದದ್ದನ್ನು ಅವರು ಹೇಳುತ್ತಿರಬಹುದು. ಮುಂದೆ ಟಿವಿಯಲ್ಲಿ ಶೂಟೌಟ್‌ಗಳನ್ನು ನೋಡಿದ ಕಿರಿಯರು ಆ ಮಾತನ್ನು ತಮಗೆ ತಿಳಿದಂತೆ ಹಿಗ್ಗಿಸಿರಬಹುದು. ಅಥವಾ ಶೀಲ್ಡ್ 1972ರದೇ ಇರಬಹುದು. ಆ ಶೀಲ್ಡ್ ಯಾರದಾದರೂ ಮನೆಯ ಅಟ್ಟದಲ್ಲಿ ಉಳಿದಿದ್ದರೆ ಅದರ ಹಿತ್ತಾಳೆ ಅಥವಾ ಬೆಳ್ಳಿಬಣ್ಣದ ತಗಡುಗಳನ್ನು ಮೃದುವಾದ ಬಟ್ಟೆಯಿಂದ ಮಾತ್ರ ಒರೆಸಿ, ಓರೆಯಾಗಿ ಬೆಳಕು ಬೀಳುವಂತೆ ಹಿಡಿದು ಫೋಟೋ ತೆಗೆಯಿರಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕೊರೆದ ಅಕ್ಷರ ಅಳಿಸಿಹೋಗುತ್ತದೆ.

ಹಳೆಯ ಗುಂಪುಚಿತ್ರಗಳ ಕಾಲ ನಿರ್ಣಯಕ್ಕೂ ಆಟದ ಇತಿಹಾಸ ನೆರವಾಗುತ್ತದೆ. ಚೆಂಡಿನ ಒಂದು ಬದಿಯಲ್ಲಿ ಷೂ ಲೇಸಿನಂತೆ ದಾರ ಬಿಗಿದಿದ್ದರೆ ಅದು ಒಳಗೆ ಬ್ಲಾಡರ್ ತುರುಕಿ ಗಾಳಿ ತುಂಬುತ್ತಿದ್ದ ಹಳೆಯ ಚರ್ಮದ ಚೆಂಡು. ಕಪ್ಪು ಐದು ಮೂಲೆ ಮತ್ತು ಬಿಳಿ ಆರು ಮೂಲೆಯ ತುಂಡುಗಳ ಚೆಂಡು ಲೋಕಪ್ರಸಿದ್ಧವಾದದ್ದು 1970ರ ಮೆಕ್ಸಿಕೊ ವಿಶ್ವಕಪ್‌ನಿಂದ, ಹಳ್ಳಿಯ ತಂಡದ ಕೈಗೆ ಅದು ಬಂದದ್ದು ಅದಕ್ಕೂ ಕೆಲವು ವರ್ಷಗಳ ನಂತರವೇ ಇರಬೇಕು. ಹಳದಿ ಮತ್ತು ಕೆಂಪು ಕಾರ್ಡುಗಳೂ ಅದೇ ವಿಶ್ವಕಪ್‌ನಿಂದ ಬಳಕೆಗೆ ಬಂದವು, ಹಾಗಾಗಿ "ಅರವತ್ತನೆಯ ಇಸವಿಯಲ್ಲಿ ನನಗೆ ರೆಡ್ ಕಾರ್ಡ್ ತೋರಿಸಿದರು" ಎಂಬ ಕಥೆ ಬಂದರೆ ವರ್ಷವನ್ನು ಮತ್ತೊಮ್ಮೆ ಕೇಳಿ. ಬರಿಗಾಲಿನ ವಿಷಯದಲ್ಲಿ ಮಾತ್ರ ಅವಸರ ಬೇಡ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ವಿರುದ್ಧ 1-10ರಿಂದ ಸೋತ ಮೇಲೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟು ಧರಿಸುವುದನ್ನು ಕಡ್ಡಾಯ ಮಾಡಿತು. ಆದರೆ ಆ ನಿಯಮ ಊರಿನ ಬಯಲಿಗೆ ಬಂದು ತಲುಪಲು ದುಡ್ಡು ಬೇಕಿತ್ತು. ಬರಿಗಾಲಿನ ಚಿತ್ರ 1965ರದೂ ಇರಬಹುದು, 1975ರದೂ ಇರಬಹುದು. ಚಿತ್ರದ ಹಿಂಬದಿಯಲ್ಲಿ ಸ್ಟುಡಿಯೊದ ಮೊಹರು ಇದ್ದರೆ ಅದನ್ನು ನೋಡಿ. ವಿಳಾಸದಲ್ಲಿ 6 ಅಂಕಿಯ ಪಿನ್ ಕೋಡ್ ಇದ್ದರೆ ಆ ಮೊಹರು 1972ರ ಆಗಸ್ಟ್ 15ರ ನಂತರದ್ದು.

ಪತ್ರಿಕೆಗಳಲ್ಲಿ ಹುಡುಕುವಾಗ ಒಂದು ಕ್ರಮ ಅನುಸರಿಸಿ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಎರಡೂ ಆರಂಭವಾದದ್ದು 1948ರಲ್ಲಿ, ಆದ್ದರಿಂದ ನಿಮಗೆ ಬೇಕಾದ ಕಾಲದ ಬಹುಭಾಗ ಇವುಗಳ ವ್ಯಾಪ್ತಿಯೊಳಗೇ ಇದೆ. ಊರಿನ ಹಬ್ಬದ ಪಂದ್ಯ ಪತ್ರಿಕೆಯಲ್ಲಿ ಬಂದಿರುವುದು ಅನುಮಾನ. ಆದರೆ ನಗರದ ಲೀಗ್‌ಗೆ ಸೇರಿದ್ದರೆ "ಇಂದಿನ ಪಂದ್ಯಗಳು" ಎಂಬ ಸಣ್ಣ ಅಕ್ಷರದ ಪಟ್ಟಿಯಲ್ಲಿ ತಂಡದ ಹೆಸರು ಸಿಗುವ ಸಾಧ್ಯತೆ ಉಂಟು. ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಎ, ಬಿ, ಸಿ ಡಿವಿಷನ್‌ಗಳಲ್ಲಿ ನಿಮ್ಮ ಕ್ಲಬ್ ಯಾವಾಗಲಾದರೂ ಆಡಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಆಡಿದ್ದರೆ ಸುಮಾರು ಯಾವ ವರ್ಷಗಳಲ್ಲಿ ಎಂದು ಹಿರಿಯರಿಂದ ತಿಳಿದು, ಆ ತಿಂಗಳುಗಳ ಸಂಚಿಕೆಗಳನ್ನು ಮಾತ್ರ ನೋಡಿದರೆ ಕೆಲಸ ಹಗುರವಾಗುತ್ತದೆ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ ಇದಕ್ಕೆ ಮೊದಲು ಹೋಗಬೇಕಾದ ಸ್ಥಳ. ಊರಿನ ಹೆಸರನ್ನು ಇಂಗ್ಲಿಷ್ ಪತ್ರಿಕೆಯವರು ನಾಲ್ಕಾರು ಬಗೆಯಲ್ಲಿ ಬರೆದಿರುತ್ತಾರೆಂಬುದನ್ನೂ ಮರೆಯಬೇಡಿ.

ನೀವು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಬಿಟ್ಟಿರುವ ವಿಷಯ, ಎಂದರೆ ಆಡುತ್ತಿದ್ದ ಬಯಲು ಈಗ ಇಲ್ಲವೆಂಬುದು, ನನ್ನ ಅಭಿಪ್ರಾಯದಲ್ಲಿ ನಿಮ್ಮ ಇತಿಹಾಸದ ನಡುಮನೆಯಾಗಬೇಕು. ಬೆಂಗಳೂರಿನ ಹಳ್ಳಿಗಳಲ್ಲಿ ಮೈದಾನವೆಂದು ಯಾರೂ ಮೈದಾನ ಕಟ್ಟಿಸಲಿಲ್ಲ. ದನ ಮೇಯುವ ಗೋಮಾಳ, ಊರಮುಂದಿನ ಗುಂಡುತೋಪು, ರಾಗಿ ಕೊಯ್ಲಾದ ಮೇಲಿನ ಹೊಲ, ಬೇಸಿಗೆಯಲ್ಲಿ ನೀರು ಇಳಿದ ಕೆರೆಯ ಅಂಗಳ, ಇವೇ ಆಟದ ನೆಲವಾಗಿದ್ದವು. ಆಟದ ಋತುವನ್ನು ನಿರ್ಣಯಿಸುತ್ತಿದ್ದದ್ದು ಮಳೆ ಮತ್ತು ಬೆಳೆ. ನಗರದ ದೊಡ್ಡ ಕ್ರೀಡಾಂಗಣಗಳ ಕಥೆಯೂ ಇದಕ್ಕೆ ಹೊರತಲ್ಲ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಹಿಂದಿನ ಶೂಲೆ ಕೆರೆಯ ಜಾಗದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿದೆ. ವ್ಯತ್ಯಾಸ ಇಷ್ಟೇ: ನಗರದೊಳಗೆ ಕೆರೆ ಹೋಗಿ ಕ್ರೀಡಾಂಗಣ ಬಂತು, ಹಳ್ಳಿಯಲ್ಲಿ ಬಯಲು ಹೋಗಿ ಬಡಾವಣೆ ಬಂತು.

ಆ ನೆಲದ ಕಥೆಯನ್ನು ಕಾಗದದಿಂದಲೇ ಹೇಳಲು ಸಾಧ್ಯವಿದೆ. ಹಿರಿಯರನ್ನು ಕರೆದುಕೊಂಡು ಹೋಗಿ ಗೋಲು ಕಂಬಗಳು ಎಲ್ಲಿದ್ದವು, ಪ್ರೇಕ್ಷಕರು ಯಾವ ಬದಿಯಲ್ಲಿ ನಿಲ್ಲುತ್ತಿದ್ದರು ಎಂದು ಜಾಗದಲ್ಲಿಯೇ ತೋರಿಸಲು ಹೇಳಿ. ಆ ಸ್ಥಳದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಗೊತ್ತಾಗುತ್ತದೆ. ಅದನ್ನು ಹಿಡಿದು ಗ್ರಾಮ ನಕಾಶೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಹಳೆಯ ಕೈಬರಹದ ಪಹಣಿ ಮತ್ತು ಹಕ್ಕು ಬದಲಾವಣೆಯ ದಾಖಲೆಗಳಿಗೆ ಅರ್ಜಿ ಹಾಕಿ. ಹಳೆಯ ಕಾಗದಗಳಲ್ಲಿ ವರ್ತೂರು ಹೋಬಳಿ ಬೆಂಗಳೂರು ದಕ್ಷಿಣ ತಾಲ್ಲೂಕಿಗೆ ಸೇರಿದೆ, ಈಗಿನ ಪೂರ್ವ ತಾಲ್ಲೂಕಿನ ಹೆಸರಿನಲ್ಲಿ ಹುಡುಕಿದರೆ ನಿಮಗೆ ಏನೂ ಸಿಗುವುದಿಲ್ಲ. ಆ ಜಾಗ ಗೋಮಾಳವೆಂದು ಯಾವ ವರ್ಷದವರೆಗೆ ದಾಖಲಾಗಿತ್ತು, ಯಾವ ಆದೇಶದಿಂದ ಬೇರೆಯದಕ್ಕೆ ಹೋಯಿತು ಎಂಬುದು ಅಲ್ಲಿ ತಿಳಿಯುತ್ತದೆ. ಸ್ವಾಧೀನವಾಗಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಪ್ರಕಟವಾಗಿರುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚನೆಯಾದದ್ದು 1976ರಲ್ಲಿ, ಅದಕ್ಕೂ ಮುಂಚೆ 1945ರಿಂದ ಆ ಕೆಲಸ ನೋಡುತ್ತಿದ್ದದ್ದು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ. ಯಾವ ಕಚೇರಿಯ ಕಡತ ಹುಡುಕಬೇಕೆಂಬುದನ್ನು ಈ ವರ್ಷಗಳೇ ಹೇಳುತ್ತವೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ನೋಡುವ ಅವಕಾಶವಿದೆ. ಬಯಲು 2000ದ ನಂತರ ಕಣ್ಮರೆಯಾಗಿದ್ದರೆ ಅದರ ಕೊನೆಯ ರೂಪವನ್ನು ಅಲ್ಲಿ ಕಾಣಬಹುದು, ಓಡಾಡಿ ಸವೆದ ಗೋಲಿನ ಮುಂದಿನ ಕೆಂಪು ನೆಲವೂ ಕೆಲವೊಮ್ಮೆ ಗುರುತಿಗೆ ಸಿಗುತ್ತದೆ. ಕಪ್ಪುಗಳ ಪಟ್ಟಿ ಇಲ್ಲದೆಯೂ ಒಂದು ಕ್ಲಬ್ಬಿನ ಇತಿಹಾಸ ಬರೆಯಬಹುದು, ಆಡಿದ ನೆಲದ ಕಥೆಯಿಲ್ಲದೆ ಬರೆದದ್ದು ಅರೆಬರೆಯಾಗಿಯೇ ಉಳಿಯುತ್ತದೆ.

ತಂಡದಲ್ಲಿ ಯಾರು ಆಡುತ್ತಿದ್ದರು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ. ಊರಿನ ಯಾವ ಯಾವ ಕೇರಿಗಳಿಂದ ಹುಡುಗರು ಬರುತ್ತಿದ್ದರು, ಎಲ್ಲರೂ ಮೊದಲಿನಿಂದಲೇ ಒಟ್ಟಿಗೆ ಆಡಿದರೇ, ಪಂದ್ಯ ಮುಗಿದ ಮೇಲೆ ಒಟ್ಟಿಗೆ ಕೂತು ಊಟ ಮಾಡಿದರೇ, ಪದಾಧಿಕಾರಿಗಳ ಪಟ್ಟಿಯಲ್ಲಿ ಯಾವ ಕೇರಿಯವರ ಹೆಸರು ಯಾವಾಗ ಬಂತು, ಇವು ಕೇಳಲು ಮುಜುಗರದ ಪ್ರಶ್ನೆಗಳು. ಆದರೆ ಕೇಳದೆ ಬಿಟ್ಟರೆ ಪುಟದಲ್ಲಿ ಉಳಿಯುವುದು ಊರಿನ ನಾಲ್ಕು ಮನೆತನಗಳ ಹೆಸರು ಮಾತ್ರ. ತಂಡಕ್ಕಾಗಿ ಬಟ್ಟೆ ಒಗೆದವರು, ಚೆಂಡು ಹೊಲಿದುಕೊಟ್ಟವರು, ಸುಣ್ಣದ ಗೆರೆ ಎಳೆದವರು, ಬಸ್ ಚಾರ್ಜಿಗೆ ದುಡ್ಡು ಹೊಂದಿಸಿದ ತಾಯಂದಿರು, ಇವರನ್ನು ಕಂಡು ಮಾತನಾಡಿ. ಆಟಗಾರರು ಗೋಲುಗಳನ್ನು ನೆನಪಿಡುತ್ತಾರೆ. ಯಾವ ವರ್ಷ ತಂಡ ಒಡೆಯಿತು, ಯಾರ ಜೊತೆ ಜಗಳವಾಯಿತು, ಎಷ್ಟು ವರ್ಷ ಆಟವೇ ನಿಂತಿತ್ತು ಎಂಬುದು ಮನೆಯ ಹೆಂಗಸರಿಗೆ ಹೆಚ್ಚು ಸ್ಪಷ್ಟವಾಗಿ ನೆನಪಿರುವುದನ್ನು ಇಂಥ ಕೆಲಸದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಆಟ ನಿಂತ ವರ್ಷಗಳನ್ನು ಮರೆಮಾಚಬೇಡಿ. "ಇಷ್ಟು ವರ್ಷ ಕ್ಲಬ್ ನಡೆಯಲಿಲ್ಲ" ಎಂದು ಒಂದು ಸಾಲಿನಲ್ಲಿ ಬರೆದು, ಕಾರಣ ತಿಳಿದಿದ್ದರೆ ಕಾರಣವನ್ನೂ ಸೇರಿಸಿ.

ಹಿರಿಯರ ಸಂದರ್ಶನಕ್ಕೆ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೂರಿಸಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಗಟ್ಟಿಯಾಗಿ ಮಾತನಾಡುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಒಟ್ಟಿಗೆ ಕೂರಿಸುವುದು ಆಮೇಲೆ, ಹಳೆಯ ಚಿತ್ರದಲ್ಲಿರುವವರ ಹೆಸರು ಗುರುತಿಸಲು. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವ ಮುನ್ನ ಅನುಮತಿ ಕೇಳಿ, ಮುದ್ರಣದ ಆರಂಭದಲ್ಲಿ ದಿನಾಂಕ ಮತ್ತು ಹೆಸರು ಹೇಳಿಸಿ, ಅದರ ಒಂದು ಪ್ರತಿಯನ್ನು ಅವರ ಮನೆಯವರಿಗೆ ಕೊಡಿ. ನಡಾವಳಿ ಪುಸ್ತಕ ಮತ್ತು ರಸೀದಿ ಪುಸ್ತಕಗಳನ್ನು ಮನೆಗಳಿಂದ ಎತ್ತಿಕೊಂಡು ಬರಬೇಡಿ, ಅಲ್ಲಿಯೇ ಫೋಟೋ ತೆಗೆದು ಹಿಂದಿರುಗಿಸಿ. ಸಂಚಿಕೆಗೆಂದು ಕೊಟ್ಟ ಮೂಲ ಚಿತ್ರಗಳು ಅಚ್ಚುಮನೆಯಲ್ಲಿಯೇ ಕಳೆದುಹೋದ ಪ್ರಸಂಗಗಳು ಎಷ್ಟೋ ಇವೆ.

ಯಾವ ವರ್ಷವನ್ನು ಅಚ್ಚು ಹಾಕಿಸಬೇಕೆಂಬ ಮೂಲ ಪ್ರಶ್ನೆಗೆ ಈಗ ನೇರವಾಗಿ ಹೇಳುತ್ತೇನೆ. ಊರಹಬ್ಬದ ದಿನ ತಂಡಕ್ಕೆ ಹೆಸರಿಟ್ಟು ಆಡಿದರೆಂಬುದನ್ನು ಕನಿಷ್ಠ ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ, ಅಥವಾ ದೇವಸ್ಥಾನದ ಲೆಕ್ಕದಲ್ಲಿ ಒಂದು ಸಾಲು ಸಿಕ್ಕರೆ, ಸ್ಥಾಪನೆಯ ವರ್ಷವಾಗಿ 1953 ಅಥವಾ 1954ನ್ನು ಹಬ್ಬದ ಮಾಸದ ಪ್ರಕಾರ ಹಾಕಿ. ಮುಖಪುಟದ ಒಳಬದಿಯಲ್ಲಿ "ಊರಿನಲ್ಲಿ ಆಟ ಆರಂಭವಾದದ್ದು 1948ರ ಸುಮಾರಿಗೆ ಎಂದು ಹಿರಿಯರ ನೆನಪು, ನೋಂದಣಿ 1969" ಎಂದು ಸೇರಿಸಿ. ಶೀಲ್ಡಿನ ವಿಷಯದಲ್ಲಿ ತಗಡಿನ ಮೇಲಿನ ವರ್ಷ ಓದಲು ಸಿಗುವವರೆಗೆ "ಪೆನಾಲ್ಟಿ ಗೋಲಿನಿಂದ ಗೆದ್ದ ಶೀಲ್ಡ್" ಎಂದಷ್ಟೇ ಬರೆಯಿರಿ, ವರ್ಷ ಬೇಡ. 1948ನ್ನು ಹಿಡಿದರೆ ಅಮೃತ ಮಹೋತ್ಸವದ ವರ್ಷ 2023ಕ್ಕೇ ಮುಗಿದಿದೆ. 1953 ಎಂದಾದರೆ ಅದು 2028ಕ್ಕೆ ಬೀಳುತ್ತದೆ, 1954 ಎಂದಾದರೆ 2029ಕ್ಕೆ. ಸಮಾರಂಭದ ಪೆಂಡಾಲು, ಅತಿಥಿಗಳ ಚಿಂತೆಯನ್ನು ಆಮೇಲೆ ಮಾಡಿದರಾಯಿತು. ಎಂಬತ್ತು ದಾಟಿದ ಹಿರಿಯರ ಸಂದರ್ಶನಗಳನ್ನು ಮಾತ್ರ ಈ ತಿಂಗಳಲ್ಲಿಯೇ ಮುಗಿಸಿ.